ಟೇಪಿನ ಆ ತುದಿಯಲ್ಲಿ ಅವನು

"ಈ ತುದಿ ನೀವು ಹಿಡೀರಿ."

ಸಿದ್ಧಾರೂಢ ಅಷ್ಟೇ ಹೇಳಿ ಅಳತೆ ಟೇಪಿನ ತುದಿಯನ್ನು ಅನ್ನಪೂರ್ಣಾಳ ಕೈಗೆ ಕೊಟ್ಟ. ಅವಳ ಮುಖ ನೋಡಲಿಲ್ಲ.

ಹಿಡೀರಿ ಅಂತೆ! ಚಿಕ್ಕಂದಿನಲ್ಲಿ ಜಡೆ ಎಳೆದು ಓಡುತ್ತಿದ್ದ, ಅವಳು ಮಾಮಾ ಎಂದು ಕರೆಯುತ್ತಿದ್ದ ಅತ್ತೆಯ ಮಗ, ಐದು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಕೂತು 'ನನ್ನ ಲಗ್ನ ಆಗ್ತಿಯೇನ' ಎಂದು ಕೇಳಿದ್ದವನು, ಇವತ್ತು ಹೊರಗಿನವರನ್ನು ಮಾತಾಡಿಸಿದಂತೆ ಮಾತಾಡಿದ್ದ. ಬೈದಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ದೊಡವಾಡದ ಆ ಮನೆಯನ್ನು ಅಂದು ಪಾಲಿಗಾಗಿ ಅಳೆಯಬೇಕಿತ್ತು. ಬೈಲಹೊಂಗಲದ ಕೋರ್ಟಿನಿಂದ ಅಳತೆಯ ಕಮಿಷನರ್ ಆಗಿ ಬಂದಿದ್ದ ವಕೀಲೆ ಮಹಾನಂದಾ ಮೇಡಂ ಭಾರೀ ಕಟ್ಟುನಿಟ್ಟು. ಟೇಪಿನ ಒಂದು ತುದಿ ವಾದಿ ಹಿಡಿಯಬೇಕು, ಇನ್ನೊಂದು ಪ್ರತಿವಾದಿ ಕಡೆಯವರು. ಆಮೇಲೆ ಅಳತೆ ತಪ್ಪಿತು ಎಂದು ಯಾರೂ ತಕರಾರು ತೆಗೆಯಬಾರದು. ಅನ್ನಪೂರ್ಣಾಳ ಅಪ್ಪ ವೀರಪ್ಪನಿಗೆ ಮೊಣಕಾಲು ನೋವು, ಕಟ್ಟೆ ಬಿಟ್ಟು ಏಳಲಿಲ್ಲ. ಹೀಗೆ ಆ ತುದಿ ಮಗಳ ಪಾಲಿಗೆ ಬಂತು.

ಮನೆಯೇನು ದೊಡ್ಡದಲ್ಲ, ಹಟ ದೊಡ್ಡದು. ವೀರಪ್ಪನ ಒಬ್ಬಳೇ ತಂಗಿ, ಸಂಪಗಾಂವಕ್ಕೆ ಕೊಟ್ಟಿದ್ದ ರಾಚವ್ವ, ಸಿದ್ಧಾರೂಢನ ತಾಯಿ. ತಾಯಿಯಿಲ್ಲದ ಅನ್ನಪೂರ್ಣಾಳನ್ನು ಚಿಕ್ಕಂದಿನಲ್ಲಿ ಅಲ್ಲೇ ಇಟ್ಟುಕೊಂಡು ಸಾಕಿ, ಇವಳೇ ನನ್ನ ಸೊಸೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು. ಅಣ್ಣ ತಂಗಿ ಇಬ್ಬರಿಗೂ ಸೇರಬೇಕಾದ ಮನೆಯನ್ನು ವೀರಪ್ಪ ಸದ್ದಿಲ್ಲದೆ ಪಂಚಾಯ್ತಿಯಲ್ಲಿ ತನ್ನೊಬ್ಬನ ಹೆಸರಿಗೆ ಹಚ್ಚಿಸಿಕೊಂಡ. ಒಂದು ಮಾತು ಕೇಳಿದ್ದರೆ ಆ ಹೆಣ್ಣುಮಗಳು ನಗುತ್ತಾ ಬಿಟ್ಟುಕೊಡುತ್ತಿದ್ದಳು. ಕೇಳಲಿಲ್ಲ ಎನ್ನುವುದೇ ಅವಳ ಹೊಟ್ಟೆಗೆ ಬೆಂಕಿ ಹಾಕಿತು. ಅವಳು ಕೇಸು ಹಾಕಿದಳು, ನೋಟಿಸು ಬಂದ ದಿನವೇ ವೀರಪ್ಪ ಮದುವೆ ಮುರಿದ.

ಎರಡು ವರ್ಷದ ಹಿಂದೆ ರಾಚವ್ವ ತೀರಿಕೊಂಡಳು. ವಾರಸುದಾರನೆಂದು ಮಗನ ಹೆಸರು ಕೇಸಿಗೆ ಬಂತು. ಅವನು ಬಿಟ್ಟಾನು ಎಂದುಕೊಂಡರೆ, ಒಂದು ತಾರೀಕೂ ತಪ್ಪಿಸದೆ ಕಿತ್ತೂರಿನ ತನ್ನ ಗ್ಯಾರೇಜು ಮುಚ್ಚಿ ಬಂದು ಕೋರ್ಟಿನಲ್ಲಿ ಕೂಡುತ್ತಿದ್ದ. ತಾಯಿಗಿಂತ ಮಗ ಗಟ್ಟಿ, ನಮ್ಮನ್ನು ಬೀದಿಗೆ ಹಾಕದೆ ಬಿಡುವುದಿಲ್ಲ ಎಂದು ವೀರಪ್ಪ ಹೇಳುತ್ತಲೇ ಇದ್ದ. ಅನ್ನಪೂರ್ಣಾ ಅದನ್ನೇ ನಂಬಿದಳು.

ಪಡಸಾಲೆ ಹದಿನೆಂಟು ಅಡಿ. ಅಡುಗೆಮನೆ ಹನ್ನೊಂದು. ಟೇಪು ಸಡಿಲಾಗಿದೆ, ಜಗ್ಗಿ ಹಿಡಿಯಿರಿ ಎಂದು ಮೇಡಂ ಗದರಿದರು. ಅವನು ಜಗ್ಗಿದ. ಇವಳ ಬೆರಳು ಕೊಯ್ಯದಂತೆ ಮೆಲ್ಲಗೆ ಜಗ್ಗಿದ.

'ಇವನಿಗೆ ಯಾಕೆ ಈ ಕಾಳಜಿ? ನಮ್ಮನ್ನು ಬೀದಿಗೆ ಹಾಕಲು ಬಂದವನಲ್ಲವೇ ಇವನು...'

ಕೊನೆಗೆ ಹಿತ್ತಲ ಕಡೆಯ ಕೋಣೆ ಉಳಿಯಿತು. ಪಂಚಮಿಗೆ ತವರಿಗೆ ಬಂದಾಗ ರಾಚವ್ವ ಮಲಗುತ್ತಿದ್ದ ಕೋಣೆ. ಅದಕ್ಕೆ ಬೀಗ ಹಾಕಿತ್ತು, ಕೀಲಿ ಅನ್ನಪೂರ್ಣಾಳ ಬಳಿ ಇತ್ತು. ಒಳಗೆ ಏನೂ ಇಲ್ಲ, ಅದೊಂದು ಬಿಟ್ಟುಬಿಡಿ ಎಂದು ಅವಳು ಬೇಡಿಕೊಂಡಳು. ಖಾಲಿಯಿದ್ದರೂ ಕೋಣೆ ಕೋಣೆಯೇ ಎಂದರು ಮೇಡಂ.

ಬೀಗ ತೆಗೆಯದೆ ವಿಧಿಯಿರಲಿಲ್ಲ.

ಸಿದ್ಧಾರೂಢ ಟೇಪು ಹಿಡಿದು ಎದುರು ಗೋಡೆಗೆ ಹೋದ. ಅಲ್ಲಿ ಗೋಡೆಯ ಮಾಡದಲ್ಲಿ ಬಟ್ಟೆ ಅಂಗಡಿಯ ಚೀಲವೊಂದಿತ್ತು. ಸರಿಸಲು ಹೋದಾಗ ಅದು ಕೆಳಗೆ ಬಿತ್ತು. ಮಡಿಕೆ ಬಿಚ್ಚದ ಇಳಕಲ್ ಸೀರೆ ಹೊರಬಂತು, ಜೊತೆಗೆ ಅಂಗಡಿಯ ಚೀಟಿ. ಚೀಟಿಯ ಮೇಲಿನ ತಾರೀಕು ಅವನಿಗೆ ಬಾಯಿಪಾಠವಾಗಿತ್ತು. ಅವನ ತಾಯಿ ಸತ್ತ ದಿನ.

ಆ ಸೀಮೆಯ ಪದ್ಧತಿಯಲ್ಲಿ, ಮದುವೆಯಾಗಿ ಹೋದ ಹೆಣ್ಣುಮಗಳು ಸತ್ತರೆ ತವರಿನಿಂದ ಸೀರೆ ಬರಬೇಕು. ಅದನ್ನು ಹೊದಿಸದೆ ಮಣ್ಣಿಗೆ ಒಯ್ಯುವುದಿಲ್ಲ. ತವರಿನವರು ಬರದಿದ್ದರೆ ಸತ್ತವಳಿಗೆ ಯಾರೂ ಇಲ್ಲವೆಂದೇ ಲೆಕ್ಕ.

ಅನ್ನಪೂರ್ಣಾ ಗೋಡೆಗೆ ಒರಗಿ ನಿಂತಳು. ಎರಡು ವರ್ಷ ನುಂಗಿಕೊಂಡದ್ದು ಬಾಯಿಗೆ ಬಂತು.

"ಅವತ್ತ ಅಪ್ಪ ಹೋಗಬ್ಯಾಡ ಅಂದ. ನಾ ಕದ್ದು ಬಸ್ ಹತ್ತಿದೆ. ಬೈಲಹೊಂಗಲದಾಗ ಇಳದು ಸೀರಿ ತಗೊಂಡೆ. ಸಂಪಗಾಂವದ ಅಗಸಿ ಬಾಗಲ ಮಟ ಬಂದಿದ್ದೆ, ಮಾಮಾ... 'ಕೇಸಿನವರು ಯಾವ ಮುಖ ಇಟ್ಕೊಂಡು ಬರ್ತಾರ' ಅಂತ ಅಲ್ಲಿ ಯಾರೋ ಅಂದ್ರು. ಯಾರೂ ನನ್ನ ತಡೀಲಿಲ್ಲ. ನಾನ ತಿರುಗಿ ಬಂದೆ. ಸಾಕಿದಾಕಿ ಮಣ್ಣಿಗೆ ನಾ ಬರಲಿಲ್ಲ."

ಸಿದ್ಧಾರೂಢ ಸೀರೆಯನ್ನು ಎತ್ತಿ ಎದೆಗೆ ಹಿಡಿದುಕೊಂಡ.

"ಹೊತ್ತು ಇಳಿಯೂ ಮಟ ಕಾದೆ, ಅನ್ನೂ. ಜನ ಮಾತಾಡಾಕ ಹತ್ತಿದ್ರು. ಆಮ್ಯಾಲ ನಾನ ಹೋಗಿ ಒಂದು ಸೀರಿ ತಂದೆ. ದೊಡವಾಡದಿಂದ ಬಂತು, ಅನ್ನಪೂರ್ಣಾ ಕಳಿಸ್ಯಾಳ ಅಂತ ಹೇಳಿ ಅವ್ವಗ ಹೊಚ್ಚಿದೆ. ಊರಾಗ ಇವತ್ತಿಗೂ ಹಂಗ ತಿಳದಾರ."

ಅಷ್ಟು ಹೊತ್ತು ಕಾಗದದಲ್ಲಿ ತಲೆಯಿಟ್ಟಿದ್ದ ಮಹಾನಂದಾ ಮೇಡಂ, ಅಂಗಳ ಒಂದು ಸಲ ನೋಡಿ ಬರುತ್ತೇನೆ ಎಂದು ಹೊರಗೆ ಹೋದರು.

ಅನ್ನಪೂರ್ಣಾ ಅಲ್ಲೇ ನೆಲದ ಮೇಲೆ ಕೂತಳು. ಅಂದು ಅಗಸಿಯಿಂದ ಇನ್ನೂರು ಹೆಜ್ಜೆ ಮುಂದೆ ಹೋಗಿದ್ದರೆ ಸಾಕಿತ್ತು. ತನ್ನ ಮಾನ ಕಾದವನನ್ನು, ತನ್ನ ಮನೆ ಕಸಿಯಲು ಬಂದವನು ಎಂದು ಎರಡು ವರ್ಷ ಶಪಿಸಿದಳಲ್ಲ! ಅತ್ತು ಅತ್ತು ಕೊನೆಗೆ ಒಂದೇ ಮಾತು ಕೇಳಿದಳು, ಹಾಗಾದರೆ ಕೇಸು ಯಾಕೆ ಬಿಡಲಿಲ್ಲ ಎಂದು.

ಅವನು ತಲೆ ತಗ್ಗಿಸಿದ.

"ಕೇಸ್ ಬಿಟ್ಟರ ತಾರೀಕು ಇರೂದಿಲ್ಲ. ತಾರೀಕು ಇರದಿದ್ದರ ನಿನ್ನ ಎಲ್ಲಿ ನೋಡ್ಲಿ? ತಿಂಗಳಿಗೊಮ್ಮೆ ನಿಮ್ಮಪ್ಪನ ಜೋಡಿ ಬಂದು ಎದುರಿನ ಬೆಂಚಿನ ಮ್ಯಾಲ ಕೂಡ್ತಿದ್ದಿ. ಅಷ್ಟಕ್ಕ ಎಳದೆ. ತಪ್ಪು ನಂದೂ ಐತಿ."

ಅಯ್ಯ ಹುಚ್ಚಪ್ಪ! ನೋಡಬೇಕೆನ್ನಿಸಿದರೆ ಬಸ್ಸು ಹತ್ತಿ ಬರುವುದು ಬಿಟ್ಟು ಯಾರಾದರೂ ಕೋರ್ಟು ಹತ್ತುತ್ತಾರೆಯೇ? ಅವಳಿಗೆ ಅವನ ಕೆನ್ನೆಗೊಂದು ಬಾರಿಸಬೇಕು ಅನ್ನಿಸಿತು. ಎದ್ದು ಹೋಗಿ ಅವನ ತೋಳಿಗೆ ಹಣೆಯಿಟ್ಟು ಅತ್ತಳು. ಹೋದ ದಿನಗಳನ್ನು ಯಾವ ಕೋರ್ಟೂ ತಿರುಗಿ ಕೊಡುವುದಿಲ್ಲ.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ವೀರಪ್ಪ ಚೌಕಟ್ಟು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಒಳಗೆ ಬಂದು ಸೀರೆಯ ಸೆರಗನ್ನು ಒಮ್ಮೆ ಸವರಿದ.

"ಇದನ್ನ ನಾ ಒಯ್ಯಬೇಕಿತ್ತು," ಎಂದ.

ಅಳತೆ ಸಾಕು, ಅರ್ಧ ಮನೆ ತಂಗಿಯ ಪಾಲೆಂದು ಬರೆದುಕೊಳ್ಳಿ ಎಂದು ಅವನು ಮೇಡಂಗೆ ಹೇಳಿದ. ಅದನ್ನು ತಾನು ಬರೆಯುವಂತಿಲ್ಲ, ಇಬ್ಬರೂ ರಾಜಿಯಾಗಿ ಮುಂದಿನ ತಾರೀಕಿಗೆ ಬರಬೇಕು ಎಂದು ಅವರು ತಿಳಿಸಿದರು. ಹೋಗುವಾಗ ಅನ್ನಪೂರ್ಣಾಳನ್ನು ನೋಡಿ, ಈ ಸಲ ಒಂದೇ ಬೆಂಚಿನಲ್ಲಿ ಕೂತರೆ ನಡೆಯುತ್ತದೆ ಎಂದು ನಕ್ಕರು.

ಅಂದೇ ಮಧ್ಯಾಹ್ನ ರಾಚವ್ವನ ಸಮಾಧಿಗೆ ಆ ಸೀರೆ ಹೊದಿಸಲು ಮೂವರೂ ಸಂಪಗಾಂವಕ್ಕೆ ಹೊರಟರು. ಬಸ್ಸಿಳಿದು ವೀರಪ್ಪ ಕೋಲೂರಿಕೊಂಡು ಮುಂದೆ ನಡೆದ. ಅನ್ನಪೂರ್ಣಾಳ ಕಾಲು ಅಗಸಿಯ ಹತ್ತಿರ ನಿಂತುಬಿಟ್ಟಿತು. ಅಂದು ತಿರುಗಿದ್ದ ಜಾಗ ಅದೇ.

ಸೀರೆಯ ಚೀಲ ಎದೆಗೊತ್ತಿಕೊಂಡು ಅವಳು ಮೆಲ್ಲಗೆ ಕೇಳಿದಳು.

"ಭಾಳ ತಡ ಆತು ಮಾಮಾ. ಅತ್ತಿ ಬೈತಾಳಲ್ಲ?"

ಸಿದ್ಧಾರೂಢ ಅವಳ ಕೈ ಹಿಡಿದುಕೊಂಡ.

"ಬೈತಾಳ. ಇಬ್ಬರೂ ಕೂಡಿ ಬೈಸ್ಕೊಳ್ಳೂಣು, ಬಾ."