ಮುಚ್ಚಳದೊಳಗಿನ ಮೀನು

ಜನವರಿ 14, ಮಂಗಳವಾರ, ಬೆಳಿಗ್ಗೆ 9:20. ಗಡಿಯಾರಕ್ಕೆ ಹೆಸರಾದ ಸ್ವಿಸ್ ಊರು ಲ ಲೋಕ್ಲ್‌ನ ಪೊಲೀಸ್ ಠಾಣೆಯ ಮೇಜಿನ ಮೇಲೆ ಒಂದು ಚಿನ್ನದ ಕೈಗಡಿಯಾರವನ್ನೂ ಹನ್ನೆರಡು ಫೋಟೋಗಳನ್ನೂ ತಂದು ಕುಕ್ಕಿದವನು ಹಳೇ ಗಡಿಯಾರಗಳ ವ್ಯಾಪಾರಿ ಲೋರಿಮಿಯೆ. ಬೂಟಿನ ಹಿಮ ಕೊಡವಿ ಒಳಗೆ ಬರುವಷ್ಟು ಸೌಜನ್ಯವೂ ಆ ಮನುಷ್ಯನಿಗಿರಲಿಲ್ಲ.

"ಅಸಲಿ ಎತ್ಕೊಂಡು ನಕಲಿ ಇಟ್ಟಿದ್ದಾಳೆ, ನಮ್ಮ ಅಂಗಡಿಯ ಸಬಿನ್. ಪ್ಯಾಕ್ ಮಾಡಿದೋಳು ಅವಳೇ. ಜ್ಯೂರಿಕ್‌ನ ಗಿರಾಕಿ ಕೈಗೆತ್ತಿಕೊಂಡ ಕೂಡಲೇ ಖೋಟಾ ಅಂತ ವಾಪಸ್ ಕಳಿಸಿದ. ಸಂಜೆಯೊಳಗೆ ಅವಳಿಗೆ ಕೋಳ ಬೀಳಬೇಕು."

"ಕಳಿಸೋ ಮುಂಚೆ ನೀವು ಕೈಗೆತ್ತಿಕೊಂಡು ನೋಡಲಿಲ್ವಾ?" ಇನ್‌ಸ್ಪೆಕ್ಟರ್ ಕೊರಿನ್ ಮಾತಿಲ್ ಕೇಳಿದಳು.

"ಫೋಟೋ ಇದೆಯಲ್ರೀ! ನೂರು ಪಟ್ಟು ದೊಡ್ಡದು ಮಾಡಿ ನೋಡ್ತೀನಿ."

ಕೊರಿನ್‌ಗೆ ಮೈ ಉರಿಯಿತು. ಆದರೂ ಎಫ್‌ಐಆರ್ ದಾಖಲಿಸಿದಳು.

11:00ಕ್ಕೆ ಸಬಿನ್‌ಳ ಹೇಳಿಕೆ. "ಗಡಿಯಾರದ ಹಿಂದಿನ ಮುಚ್ಚಳ ಬಿಚ್ಚೋದು ಹೇಗೆ ಅಂತಲೇ ನನಗೆ ಗೊತ್ತಿಲ್ಲ ಮೇಡಂ. ಇವತ್ತು ನನ್ನನ್ನ ಒಳಗೆ ಹಾಕಿದ್ರೆ ಈ ಊರಲ್ಲಿ ಇನ್ಯಾವ ಗಡಿಯಾರದ ಅಂಗಡಿಯೋನೂ ಹೊಸಿಲು ತುಳಿಯೋಕೆ ಬಿಡಲ್ಲ."

12:15ಕ್ಕೆ ಪಂಚರ ಮುಂದೆ ಮುಚ್ಚಳ ತೆಗೆಸಿದರು. ಕಾನ್‌ಸ್ಟೇಬಲ್ ಜೋಲಿದೋಂ ಭೂತಗನ್ನಡಿ ಹಿಡಿದ.

"ಒಳಗೆ ಏನೋ ಗೀಚಿದೆ ಮೇಡಂ. ಮೀನು. ಪಕ್ಕದಲ್ಲಿ 11-11."

ರಿಪೇರಿಗೆ ಬಿಚ್ಚಿದವನು ಮುಚ್ಚಳದೊಳಗೆ ತನ್ನ ಗುರುತು, ತಾರೀಖು ಗೀಚಿಯೇ ಮುಚ್ಚುವುದು ಆ ಊರಿನ ರೂಢಿ. ಮೀನು ಯಾರದೆಂದು ಇಡೀ ಊರಿಗೆ ಗೊತ್ತು: ಮುದುಕ ಒಕ್ತಾವ್‌ನದು. ಲೋರಿಮಿಯೆಯ ಅಂಗಡಿಗೆ ಬಂದ ಪ್ರತಿ ಗಡಿಯಾರವನ್ನೂ ಮೂವತ್ತೆಂಟು ವರ್ಷ ಕೈಯಲ್ಲಿ ಹಿಡಿದು ಪರೀಕ್ಷಿಸಿದವನು ಅವನೇ. ಎರಡು ವರ್ಷದ ಹಿಂದೆ ಅವನನ್ನು ಕೆಲಸದಿಂದ ತೆಗೆದು ಹಾಕಿದರೂ ಎಣ್ಣೆ ಹಾಕಿಸಲು ಮಾತ್ರ ಲೋರಿಮಿಯೆಗೆ ಅವನೇ ಬೇಕಿತ್ತು.

2:30. ಒಕ್ತಾವ್ ತನ್ನ ಮನೆಯ ಕಿಟಕಿ ಪಕ್ಕ ಕೆಲಸಕ್ಕೆ ಕೂತಿದ್ದ.

"ನವೆಂಬರ್ ಹನ್ನೊಂದಕ್ಕೆ ಇದನ್ನ ಬಿಚ್ಚಿದ್ರಾ?"

"ಬಿಚ್ಚಿದೆ. ಎಣ್ಣೆ ಹಾಕಿದೆ."

"ನಕಲಿ ಅಂತ ಗೊತ್ತಾಗಲಿಲ್ವಾ?"

"ನನ್ನನ್ನೇನು ಲೋರಿಮಿಯೆ ಅಂದ್ಕೊಂಡ್ಯಾ? ಕೀ ಕೊಡುವಾಗಲೇ ಹೆಬ್ಬೆರಳಿಗೆ ಗೊತ್ತಾಗುತ್ತೆ!"

"ಗೊತ್ತಿದ್ದೂ ಬಾಯಿ ಬಿಡದೆ ವಾಪಸ್ ಕಳಿಸಿದ್ರಿ. ಈಗ ಸಬಿನ್ ಠಾಣೇಲಿ ಕೂತಿದ್ದಾಳೆ."

ಮುದುಕ ಕೈಲಿದ್ದ ಇಕ್ಕಳ ಕೆಳಗಿಟ್ಟ. "ಆ ಹುಡುಗಿ ತಲೆಗೆ ಕಟ್ಟಿದನಾ, ಹಲ್ಕಾ ನನ್ಮಗ!" ಡ್ರಾಯರ್ ಎಳೆದು ಅಸಲಿ ಗಡಿಯಾರ ತೆಗೆದು ಕೊರಿನ್‌ಳ ಅಂಗೈಯಲ್ಲಿಟ್ಟ.

"ಅಲ್ಲ ಅಜ್ಜಾ, ಕಳ್ಳತನ ಮಾಡಿ ಯಾರಾದ್ರೂ ಗುರುತು ಗೀಚ್ತಾರಾ?" ಜೋಲಿದೋಂ ಬೆರಗಾದ.

"ಮುಚ್ಚಳ ಹಾಕೋ ಮುಂಚೆ ಕೈ ತಾನಾಗೇ ಗೀಚುತ್ತೆ ಕಣೋ. ನಾನೇನು ಮಾಡ್ಲಿ?"

4:10. ಠಾಣೆಯಲ್ಲಿ ಜಪ್ತಿ ಪಂಚನಾಮೆ. ಎರಡೂ ಗಡಿಯಾರ ಅಕ್ಕಪಕ್ಕ. "ನಿಮ್ಮದು ಯಾವುದು ಗುರುತಿಸಿ ಸಹಿ ಹಾಕಿ," ಎಂದಳು ಕೊರಿನ್.

ಲೋರಿಮಿಯೆ ಎರಡನ್ನೂ ಮುಟ್ಟಲಿಲ್ಲ. ಫೋಟೋ ನೋಡಿದ, ಗಡಿಯಾರ ನೋಡಿದ, ಮತ್ತೆ ಫೋಟೋ ನೋಡಿದ. ಕೊನೆಗೆ ಎಡಗಡೆಯದಕ್ಕೆ ಬೆರಳು ತೋರಿಸಿದ.

"ಅದು ನನ್ನದು ಕಣಯ್ಯಾ," ಎಂದ ಕೋಳ ತೊಟ್ಟ ಒಕ್ತಾವ್. "ನಾನು ಮಾಡಿದ ನಕಲಿ. ಮಾರಾಟಕ್ಕೆ ಅಂತ ನೀನು ಹಾಕಿದ ಫೋಟೋ ನೋಡ್ಕೊಂಡೇ ಅದರ ಮೇಲೆ ಒಂದೊಂದು ಗೀರೂ ಎಳೆದೆ."

ಸಬಿನ್‌ಳನ್ನು ಮನೆಗೆ ಕಳಿಸಿದರು. ಆರೋಪಿಯ ಹೇಳಿಕೆಯಲ್ಲಿ ಕಾರಣ ಎಂಬಲ್ಲಿ ಇಷ್ಟೇ ಇದೆ: "ಕೆಲಸದಿಂದ ತೆಗೆದ ದಿನ ಲೋರಿಮಿಯೆ ಗಿರಾಕಿಗಳ ಎದುರಿಗೆ, ಇನ್ನು ನಿನ್ನ ಕೈ ಬೇಡ, ಫೋಟೋ ಸಾಕು ಅಂದ. ಅಸಲೀನ ನಾನು ಮಾರಲಿಲ್ಲ, ದಿನಾ ಬೆಳಿಗ್ಗೆ ಕೀ ಕೊಟ್ಟು ಇಟ್ಟಿದ್ದೆ. ಅವನು ಆ ನಕಲೀನ ಒಂದೇ ಒಂದು ಸಲ ಕೈಗೆತ್ತಿಕೊಂಡು ಕಿವಿಗೆ ಹಿಡಿದಿದ್ದರೂ ಅವತ್ತೇ ವಾಪಸ್ ಕೊಡ್ತಿದ್ದೆ."