ಸಾರಿನಲ್ಲಿ ಸಿಕ್ಕ ಬೆರಳು

ಮೇ 14, ಬೆಳಿಗ್ಗೆ 9.40. ಬೆಕೊಪಾಕ ಊರಿನ ಪೊಲೀಸ್ ಠಾಣೆಗೆ ಬಂದ ಮುದುಕಿ ಕಲೊಝಾಫಿ, ಮೇಜಿನ ಮೇಲೆ ಬಾಳೆ ಎಲೆಯ ಪೊಟ್ಟಣವೊಂದನ್ನು ಬಿಚ್ಚಿಟ್ಟಳು. ಒಳಗೆ ಬೆಂದ ಬೆರಳೊಂದಿತ್ತು. ಮನುಷ್ಯರದಕ್ಕಿಂತ ತೆಳ್ಳಗಿತ್ತು, ತುದಿಯಲ್ಲಿ ಚಪ್ಪಟೆ ಉಗುರು. ಇನ್ಸ್‌ಪೆಕ್ಟರ್ ಮನಂಜಾರ ಕುಡಿಯುತ್ತಿದ್ದ ಕಾಫಿಯನ್ನು ದೂರ ಸರಿಸಿದ.

"ಎಲ್ಲಿ ಸಿಕ್ತು?"

"ದೋಣಿಕಟ್ಟೆ ಹತ್ರ, ಆ ಮೆಲ್ತಿನ್ ನಡೆಸೋ ಹೋಟೆಲಲ್ಲಿ. ನಿನ್ನೆ ಮಧ್ಯಾಹ್ನ ಆಡಿನ ಸಾರು ಅಂತ ಬಡಿಸಿದ್ಲು."

"ಜೊತೆಗೆ ಯಾರಿದ್ರು?"

"ನನ್ ಮಗ ಲಹಿಮೆನ. ಎದುರಿಗೇ ಕೂತಿದ್ದ. ಹೊಟ್ಟೆ ಸರಿಯಿಲ್ಲ ಅಂತ ಬರೀ ಸೀದ ಅನ್ನದ ನೀರು ಕುಡಿದ."

"ನೀವೆಷ್ಟು ತಿಂದ್ರಿ, ಅಜ್ಜಿ?"

"ಬಟ್ಟಲು ಬಳಿಯೋವಾಗ ಇದು ಸಿಕ್ತು."

ಬೆರಳು ಕೋತಿಯನ್ನು ಹೋಲುವ ಕಾಡುಪ್ರಾಣಿ, ಬಿಳಿ ಸಿಫಾಕ ಲೆಮೂರ್‌ನದು. ಮುದುಕಿಯ ಕುಲದವರಿಗೆ ಸಿಫಾಕ ಎಂದರೆ ಹಿರಿಯರ ಪೈಕಿ. ಕಾಡಿನಲ್ಲಿ ಸತ್ತು ಬಿದ್ದದ್ದು ಕಂಡರೂ ಬಟ್ಟೆ ಸುತ್ತಿ ಹೂಳುತ್ತಾರೆ. ತಿಂದವರಿಗೆ ಕುಲದ ಗೋರಿಯಲ್ಲಿ ಜಾಗವಿಲ್ಲ.

"ಕೊಂದವನು ಎದುರು ನಿಂತು ಒಪ್ಪಿಕೊಂಡ್ರೆ ಮಾತ್ರ ನನಗೆ ಶುದ್ಧಿ ಮಾಡ್ತಾರೆ" ಎಂದಳು. "ಇಲ್ದಿದ್ರೆ ನನ್ನ ಹೊಳೆದಂಡೇಲಿ ಒಬ್ಬಳನ್ನೇ ಹೂಳ್ತಾರೆ. ಅವನನ್ನ ಹುಡುಕಿಕೊಡು, ಮಗಾ."

10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮೆಲ್ತಿನ್ ಹೋಟೆಲಿನ ಒಲೆಯ ಮೇಲೆ, ಹೊಗೆಗೆ ಕಪ್ಪಾದ ಮಾಂಸದ ತುಂಡುಗಳು ತಂತಿಯಲ್ಲಿ ನೇತಾಡುತ್ತಿದ್ದವು. ನೊಣಗಳು ಏಳುವುದಕ್ಕೂ ಸೋಮಾರಿಯಾಗಿದ್ದವು. ಕಾನ್‌ಸ್ಟೆಬಲ್ ಸೊಅಲಹಿ ಪಾತ್ರೆಯ ಮುಚ್ಚಳ ತೆಗೆದು ನೋಡಿದವನೇ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡ. ಅವನೂ ಅದೇ ಕುಲದವನು, ತಿಂಗಳಿಗೆರಡು ಸಲ ಇಲ್ಲೇ ಉಣ್ಣುತ್ತಿದ್ದ.

"ಯಾರು ತಂದುಕೊಟ್ರು?" ಮನಂಜಾರ ಕೇಳಿದ.

"ಕಾಡಂಚಲ್ಲಿ ಜೋಳ ಬೆಳೆಯೋಕೆ ಬಂದಿದಾರಲ್ಲ, ಆ ದಕ್ಷಿಣದವರು." ಮೆಲ್ತಿನ್ ಸೌಟು ಬಿಡಲಿಲ್ಲ.

"ಹೆಸರು?"

"ಅವರ ಹೆಸರೆಲ್ಲ ಯಾರಿಗೆ ನೆನಪಿರುತ್ತೆ ಸಾರ್? ಎಲ್ಲಾ ಒಂದೇ ಥರ."

ಎಲ್ಲಾ ಒಂದೇ ಥರವಂತೆ. ಆಡಿಗೂ ಲೆಮೂರ್‌ಗೂ ವ್ಯತ್ಯಾಸ ಕಾಣದ ಹೆಂಗಸಿಗೆ ಮನುಷ್ಯರಲ್ಲಿ ಕಂಡೀತೇ ಎಂದು ಮನಂಜಾರನಿಗೆ ಮೈ ಉರಿಯಿತು. ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿ, ದಕ್ಷಿಣದವರ ಗುಡಿಸಲು ಸುಡುವ ಮಾತು ಊರಲ್ಲಿ ಶುರುವಾಗಿತ್ತು.

ಮೇ 15, ಬೆಳಿಗ್ಗೆ 6.00. ಸುಣ್ಣಕಲ್ಲಿನ ಸೂಜಿಬಂಡೆಗಳ ಕಾಡಿಗೆ ಹೊರಟರು. ದಾರಿ ತೋರಿಸಲು ಲಹಿಮೆನನೇ ಬಂದ. ಹದಿನೈದು ವರ್ಷದಿಂದ ಪ್ರವಾಸಿಗರಿಗೆ ಗೈಡ್. ಬಂಡೆಗಳತ್ತ ಬೆರಳು ಚಾಚಿ ತೋರಿಸಬಾರದೆಂಬ ನೇಮ ತಪ್ಪದವನು, ಬೆರಳು ಮಡಚಿ ಗೆಣ್ಣಿನಿಂದಲೇ ತೋರಿಸುತ್ತಿದ್ದ. ಕತ್ತಿಯಂಥ ಕಲ್ಲಂಚುಗಳ ನಡುವೆ ಏಣಿ ಹತ್ತಿ, ಸೀಳುಗಳಲ್ಲಿ ಅಡ್ಡಡ್ಡ ನುಸುಳಿ ನಾಲ್ಕು ಗಂಟೆ ಅಲೆದರೂ ಒಂದು ಬಲೆಯೂ ಸಿಗಲಿಲ್ಲ.

ಒಂದು ಕಿರುಕಣಿವೆಯ ಬಾಯಲ್ಲಿ ಲಹಿಮೆನ ನಿಂತ. "ಆ ಕಡೆ ಬೇಡ ಸಾರ್. ಹಿರಿಯರ ಗೋರಿ ಇದೆ. ಹೋದ್ರೆ ಒಳ್ಳೇದಾಗಲ್ಲ."

ಗಾಳಿ ಅತ್ತಲಿಂದ ಬೀಸುತ್ತಿತ್ತು. ನೂರು ವರ್ಷದ ಗೋರಿ ನಾರುವುದಿಲ್ಲ.

"ಒಳ್ಳೇದಾಗೋದು ಬೇಡ ಬಿಡು" ಎಂದು ಮನಂಜಾರ ಒಳಗೆ ಇಳಿದ.

ಬಂಡೆಯ ಪೊಟರೆಯಲ್ಲಿ ಒಂಬತ್ತು ಪುಟ್ಟ ಗಂಟುಗಳು, ಸಾಲಾಗಿ, ಎಲ್ಲವೂ ಒಂದೇ ದಿಕ್ಕಿಗೆ ತಲೆಯಿಟ್ಟು. ಮುಂದೆ ಹಿರಿಯರಿಗೆಂದು ರಮ್ ಹನಿಸಿದ ಕಲೆ. ಸೊಅಲಹಿ ಒಂದನ್ನು ಬಿಚ್ಚಿದ. ಒಳಗೆ ತಲೆಬುರುಡೆ, ಚರ್ಮ, ಹುಳ. ಮಾಂಸ ಊರಿಗೆ, ಉಳಿದದ್ದು ಹಿರಿಯರಿಗೆ.

"ದಕ್ಷಿಣದವರಾದ್ರೆ ಹೀಗೆ ಸುತ್ತಿಡ್ತಾರಾ?" ಮನಂಜಾರ ಕೇಳಿದ.

"ಬಿಸಾಕಿ ಹೋಗೋರು ಸಾರ್." ಸೊಅಲಹಿಯ ದನಿ ಕುಗ್ಗಿತ್ತು. "ಇದು ನಮ್ಮೋರದೇ ಕೆಲಸ."

ಕೊಂದು, ಮಾರಿ, ಆಮೇಲೆ ಕೈಮುಗಿದಿದ್ದಾನೆ. ಬರೀ ಕೊಂದಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ಸುತ್ತಿದ ಬಿಳಿ ಬಟ್ಟೆ ಒಳ್ಳೆಯ ನೇಯ್ಗೆಯದು, ಅಂಚಿಗೆ ಕೆಂಪು ದಾರದ ಹೊಲಿಗೆ. ಪಂಚನಾಮೆ ಮಾಡಿ, ಬಟ್ಟೆಯ ಒಂದು ತುಂಡನ್ನು ಲಕೋಟೆಗೆ ಹಾಕಿದರು. ಅಷ್ಟರಲ್ಲಿ ಮೇಲಿನ ಮರದಿಂದ ಎರಡು ಸಿಫಾಕಗಳು ಇಳಿದವು. ಪೊಲೀಸರನ್ನು ಸುತ್ತುಹಾಕಿ, ಎರಡು ಕಾಲಿನ ಮೇಲೆ ಕುಪ್ಪಳಿಸುತ್ತ ಹೋಗಿ ಲಹಿಮೆನನ ಮುಂದೆ ಕೈಯೊಡ್ಡಿ ನಿಂತವು. ಅವನು ಮುಖ ತಿರುಗಿಸಿಕೊಂಡ. ಮನಂಜಾರ ಅವನನ್ನು ಜೊತೆಯಲ್ಲೇ ಠಾಣೆಗೆ ಕರೆತಂದ.

ಸಂಜೆ 4.30ಕ್ಕೆ ಕಲೊಝಾಫಿಯನ್ನು ಕರೆಸಿ ಬಟ್ಟೆ ತೋರಿಸಿದರು. ಮುದುಕಿ ಕೆಂಪು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ನನ್ದು. ನಾನು ಸತ್ತಾಗ ಸುತ್ತೋಕೆ ಅಂತ ಹೊಲಿದು ಪೆಟ್ಟಿಗೇಲಿ ಇಟ್ಟಿದ್ದೆ."

"ಪೆಟ್ಟಿಗೆ ಬೀಗದ ಕೈ ಯಾರ ಹತ್ರ?"

ಅವಳು ಬೆಂಚಿನಲ್ಲಿ ಕೂತಿದ್ದ ಮಗನನ್ನು ನೋಡಿದಳು. 4.50ಕ್ಕೆ ಬಂಧನವಾಯಿತು.

ಲಹಿಮೆನ ಎಲ್ಲವನ್ನೂ ಒಪ್ಪಿಕೊಂಡ. ಮಳೆಗಾಲದಲ್ಲಿ ರಸ್ತೆ ಮುಚ್ಚಿ, ಐದು ತಿಂಗಳು ಒಬ್ಬ ಪ್ರವಾಸಿಯೂ ಬಂದಿರಲಿಲ್ಲ. ಮನೆಯಲ್ಲಿ ಮರಗೆಣಸೂ ಮುಗಿದಿತ್ತು. ಮೊದಲನೆಯ ಸಿಫಾಕ ಬಂಡೆಯಿಂದ ಜಾರಿ ಸತ್ತದ್ದು, ಹಸಿದ ಮಕ್ಕಳಿಗೆ ಬೇಯಿಸಿದ. ಎರಡನೆಯದನ್ನು ಕೊಂದು ಮೆಲ್ತಿನ್‌ಗೆ ಮಾರಿದ. ಪ್ರವಾಸಿಗರ ಫೋಟೋಗೆಂದು ಬಾಳೆಹಣ್ಣು ಕೊಟ್ಟು ತಾನೇ ಪಳಗಿಸಿದ ಪ್ರಾಣಿಗಳವು.

"ಮಳೆ ನಿಂತ್ಮೇಲೂ ಯಾಕೆ?" ಮನಂಜಾರ ಕೇಳಿದ.

"ಕರೆದ್ರೆ ಬರ್ತಿದ್ವು ಸಾರ್."

ಮುದುಕಿ ಎದ್ದು ಬಂದು ಮಗನ ಎದುರು ನಿಂತಳು. ಅವಳಿಗೆ ಬೇಕಾಗಿದ್ದ ತಪ್ಪೊಪ್ಪಿಗೆ ಸಿಕ್ಕಿತ್ತು, ಇನ್ನು ಶುದ್ಧಿಗೆ ಅಡ್ಡಿಯಿರಲಿಲ್ಲ.

"ಎದುರಿಗೇ ಕೂತಿದ್ಯಲ್ಲ, ಯಾಕ್ ಹೇಳ್ಲಿಲ್ಲ?"

"ನಾನು ನೋಡೋ ಹೊತ್ತಿಗೆ ಮೊದಲ್ನೇ ತುತ್ತು ನಿನ್ನ ಬಾಯಲ್ಲಿತ್ತಮ್ಮ."

"ಎರಡ್ನೇ ತುತ್ತು?"

ಮನಂಜಾರ ಹೇಳಿಕೆಯ ಕೊನೆಯಲ್ಲಿ "ಉತ್ತರವಿಲ್ಲ" ಎಂದು ಬರೆದು, 5.35 ಎಂದು ಸಮಯ ಹಾಕಿದ.