ಕೋಡಿಪಲ್ಲಿ ಕೆರೆಯ ಮೊದಲ ದೋಣಿ

೧೯೫೮ನೇ ಇಸವಿ ಅಕ್ಟೋಬರ್ ಇಪ್ಪತ್ತು, ಸೋಮವಾರ. ಬೆಳಗ್ಗೆ ಹನ್ನೊಂದು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಚಿಂತಾಮಣಿ ಠಾಣೆಯ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಬಂದು ಕುಸಿದು ಕೂತ. ಮೈಮೇಲಿನ ಖಾಕಿ ಕೋಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಾಲಲ್ಲಿ ಒಂದೇ ಬೂಟು. ಕಾನ್‌ಸ್ಟೇಬಲ್ ಮುನಿಶಾಮಪ್ಪ ಕೈಹಿಡಿದು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ.

ಆತನ ಹೆಸರು ಲಕ್ಷ್ಮಯ್ಯ. ದೋಣಿ ತಪಾಸಣೆಯ ಓವರ್‌ಸೀಯರ್. ಕೆರೆ, ಹೊಳೆಗಳಲ್ಲಿ ಜನ ದಾಟಿಸುವ ದೋಣಿಗಳನ್ನು ಪರೀಕ್ಷೆ ಮಾಡಿ, ಇಷ್ಟು ಜನ ಕೂರಬಹುದು ಎಂದು ಬಿಳಿ ಬಣ್ಣದ ಗೆರೆ ಎಳೆದುಕೊಡುವುದು ಅವನ ಕೆಲಸ.

ಸಬ್ ಇನ್‌ಸ್ಪೆಕ್ಟರ್ ಜಯರಾಮಪ್ಪ ಎದುರಿಗೆ ಬಂದು ನಿಂತರು.

"ಏನಾಯ್ತು?"

"ದೋಣಿ ಮುಳುಗೋಯ್ತು ಸಾರ್. ಕೋಡಿಪಲ್ಲಿ ಕೆರೇಲಿ. ಅಂಬಿಗ ಕೊಂಡಪ್ಪ ಸಿಗಲಿಲ್ಲ."

"ಹಳೇ ದೋಣಿನಾ?"

"ಅಲ್ಲ ಸಾರ್. ನಿನ್ನೆ ಸಂಜೆ ತಳ ಪೂರ್ತಿ ತಟ್ಟಿ ನೋಡಿದೀನಿ. ಒಂದೂ ಬಿರುಕಿರಲಿಲ್ಲ." ಲಕ್ಷ್ಮಯ್ಯನ ಹಲ್ಲು ಕಟಕಟ ಎನ್ನುತ್ತಿದ್ದವು. "ಯಾರೋ ತೂತು ಕೊರೆದಿದಾರೆ. ನೀರು ಒಂದೇ ಕಡೆಯಿಂದ ಬರಲಿಲ್ಲ, ಆರೇಳು ಕಡೆಯಿಂದ ಒಟ್ಟಿಗೇ ಚಿಮ್ಮಿತು."

ದೂರು ಬರೆದುಕೊಂಡು, ಎಫ್‌ಐಆರ್ ದಾಖಲಿಸಿ, ಲಕ್ಷ್ಮಯ್ಯನನ್ನೂ ಕೂರಿಸಿಕೊಂಡು ಜಯರಾಮಪ್ಪ ಜೀಪು ಹತ್ತಿದರು. ಅವರು ಗೌರಿಬಿದನೂರು ಕಡೆಯವರು. ಬಾವಿಯ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯುವ ಮನುಷ್ಯ. ಈಜು ಗೊತ್ತಿಲ್ಲ. ಅದನ್ನು ಮುನಿಶಾಮಪ್ಪನಿಗೆ ತೋರಗೊಡಲಿಲ್ಲ.

ಆ ವರ್ಷದ ಹಿಂಗಾರು ಮಳೆಗೆ ಕೋಡಿಪಲ್ಲಿ ಕೆರೆ ತುಂಬಿ, ಕೋಡಿಯ ಮೇಲಿನ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಆಚೆ ದಡದ ಊರುಗಳಿಗೆ ಸುತ್ತುದಾರಿಯಲ್ಲಿ ಎರಡು ಹಳ್ಳ. ಎರಡೂ ತುಂಬಿ ಹರಿಯುತ್ತಿದ್ದವು. ಕೊಂಡಪ್ಪ ಜನ ದಾಟಿಸುತ್ತಿದ್ದ ಹರಿಗೋಲೂ ಮೊದಲ ಮಳೆಗೇ ಕೊಚ್ಚಿಹೋಗಿತ್ತು. ಅದಕ್ಕೇ ಸರ್ಕಾರ ದೋಣಿ ಕಳಿಸಿತ್ತು. ಶನಿವಾರ ಬಂದ ದೋಣಿಯನ್ನು ದಡದ ಮೇಲೆ ಬೋರಲು ಹಾಕಿದ್ದರು. ಸೋಮವಾರ ಬೆಳಗ್ಗೆ ನೀರಿಗಿಳಿಸಿ, ಮರಳಿನ ಮೂಟೆ ತುಂಬಿ, ಲಕ್ಷ್ಮಯ್ಯ ಮತ್ತು ಕೊಂಡಪ್ಪ ಭಾರದ ಪರೀಕ್ಷೆಗೆಂದು ನಡುನೀರಿಗೆ ಹೋಗಿದ್ದರು. ಮಂಗಳವಾರದಿಂದ ಜನ ದಾಟಬೇಕಿತ್ತು.

ಪೊಲೀಸರು ಏರಿಯ ಮೇಲೆ ಇಳಿಯುವ ಹೊತ್ತಿಗೆ ಊರಿನವರು ಹಗ್ಗ ಕಟ್ಟಿ ದೋಣಿಯನ್ನು ಎಳೆದಿದ್ದರು. ಕೊಂಡಪ್ಪನ ಹೆಣ ತೂಬಿನ ಬಳಿ ಸಿಕ್ಕಿತ್ತು. ಅವನ ಹೆಂಡತಿ ಕದಿರಮ್ಮ ಅಳುತ್ತಿರಲಿಲ್ಲ. ಗಂಡನ ಕಾಲಿನ ಕೆಸರನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದಳು.

"ಇವನಿಗೆ ಈಜು ಬರ್ತಿತ್ತಲ್ಲ?" ಜಯರಾಮಪ್ಪ ಕೇಳಿದರು.

"ಮೀನಿನಂಗೆ ಸಾರ್," ಎಂದ ಲಕ್ಷ್ಮಯ್ಯ. "ದೋಣಿ ವಾಲಿದಾಗ ಮೂಟೆ ಉರುಳಿ ಅವನ ಕಾಲ ಮೇಲೆ ಬಿತ್ತು. ಬಿಡಿಸ್ಕೊಳಕ್ಕಾಗಲಿಲ್ಲ. ಹುಟ್ಟನ್ನ ನನ್ನ ಕಡೆ ತಳ್ಳಿ, ಹಿಡ್ಕೊ ಸಾಮಿ ಅಂದ. ಅಷ್ಟೇ."

ಪಂಚರನ್ನು ಕರೆದು ಶವದ ಪಂಚನಾಮೆ ಆಯಿತು. ಆಮೇಲೆ ದೋಣಿಯದು. ಮುನಿಶಾಮಪ್ಪ ಒಳಗಿನ ಹಲಗೆಗಳನ್ನು ಕಿತ್ತು ತೆಗೆದ. ತಳದಲ್ಲಿ ಹೆಬ್ಬೆಟ್ಟು ಹಿಡಿಸುವಷ್ಟು ತೂತುಗಳು, ಸಾಲಾಗಿ. ಎರಡರಲ್ಲಿ ಇನ್ನೂ ಮೇಣ ಮತ್ತು ಜೇಡಿಮಣ್ಣು ಕಲೆಸಿದ ಉಂಡೆ ಸಿಕ್ಕಿಕೊಂಡಿತ್ತು. ಹೊರಗಡೆ ಕಾಣದಂತೆ ಡಾಂಬರು ಸವರಿದ್ದರು.

ಜಯರಾಮಪ್ಪನವರು ಆ ತೂತುಗಳನ್ನು ನೋಡುತ್ತಾ ನಿಂತರು. ನಾಳೆ ಈ ದೋಣಿಯಲ್ಲಿ ಬಸುರಿಯರು, ಮುದುಕರು, ಕೂಸುಗಳು ಕೂರಬೇಕಿತ್ತು. ಕೊಂಡಪ್ಪನ ಮೇಲೆ ಹಗೆ ಇದ್ದವನಾದರೆ ಕೊಂಡಪ್ಪನನ್ನು ಹೊಡೆಯುತ್ತಿದ್ದ. ಊರಿಗೆ ಊರೇ ದಾಟುವ ದೋಣಿಗೆ ತೂತು ಹಾಕುವವನು ಎಂಥವನು?

ಊರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಗಲು ಹೊತ್ತಿನಲ್ಲೇ ಕದ ಹಾಕಿಕೊಂಡಿದ್ದರು. ಕೆರೆಯ ಗಂಗಮ್ಮ ಬಲಿ ತೆಗೆದುಕೊಂಡಳು ಎಂದವರೇ ಹೆಚ್ಚು. ಅಂಥ ತೂತು ಕೊರೆಯುವ ಬೈರಿಗೆ ಇದ್ದದ್ದು ಗಾಡಿ ಕೆಲಸ ಮಾಡುವ ಬಯ್ಯಪ್ಪನೊಬ್ಬನ ಮನೆಯಲ್ಲಿ. ಮುನಿಶಾಮಪ್ಪ ಅದನ್ನು ತಿರುಗಿಸಿ ನೋಡಿದ. ಮೊನೆಯ ಸುರುಳಿಯಲ್ಲಿ ಡಾಂಬರು ಮೆತ್ತಿತ್ತು.

"ಇದೇನಯ್ಯ?"

ಬಯ್ಯಪ್ಪನ ಮುಖ ಬಿಳುಚಿಕೊಂಡಿತು. "ದೇವುಡಾ! ನಂಗೊತ್ತಿಲ್ಲ ಸ್ವಾಮಿ. ಚಪ್ಪರದ ಗಳಕ್ಕೆ ನೇತಾಕಿರ್ತೀನಿ. ಯಾರು ಬೇಕಾದ್ರೂ ತಗೊಂಡೋಗ್ತಾರೆ, ತಂದಿಡ್ತಾರೆ."

"ಶನಿವಾರ, ಭಾನುವಾರ ಯಾರು ತಗೊಂಡ್ರು?"

"ನಾನು ಕೈವಾರಕ್ಕೆ ಹೋಗಿದ್ದೆ. ನನ್ನ ಮಕ್ಕಳಾಣೆ, ನಾನಲ್ಲ."

ಅವನು ಕೈವಾರದಲ್ಲಿದ್ದದ್ದು ನಿಜವೆಂದು ವಿಚಾರಣೆಯಿಂದ ತಿಳಿಯಿತು. ಬೈರಿಗೆಯನ್ನು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು.

ಹೊರಡುವಾಗ ಏರಿಯ ಮೇಲೆ ಮುನಿಶಾಮಪ್ಪ ಆಚೆ ದಡದತ್ತ ಕೈ ತೋರಿಸಿದ. "ನೋಡಿ ಸಾರ್, ಅಲ್ಲೊಬ್ಬ ನಿಂತವ್ನೆ."

ಆಚೆ ದಡದ ಹುಣಸೆಮರದ ಕೆಳಗೆ ಬಿಳಿ ಪೇಟದ ಆಕೃತಿಯೊಂದು ಅಲ್ಲಾಡದೆ ನಿಂತಿತ್ತು. ನೀರಿನ ಅಷ್ಟಗಲದಾಚೆ ಮುಖ ಕಾಣುತ್ತಿರಲಿಲ್ಲ.

"ದೋಣಿಗೆ ಕಾಯ್ತಿರಬೇಕು," ಎಂದರು ಜಯರಾಮಪ್ಪ.

ಬುಧವಾರ ಎರಡನೆಯ ದೋಣಿ ಬಂತು. ದಡಕ್ಕೆ ಬಂದಾಗಿನಿಂದ ಇಬ್ಬರು ಕಾನ್‌ಸ್ಟೇಬಲ್‌ಗಳು ಪಕ್ಕದಿಂದ ಕದಲಲಿಲ್ಲ. ಲಕ್ಷ್ಮಯ್ಯ ತಳದ ಒಂದೊಂದು ಹಲಗೆಯನ್ನೂ ಸುತ್ತಿಗೆಯಿಂದ ಬಡಿದು, ಕಿವಿಯಿಟ್ಟು ಕೇಳಿದ. ಡಾಂಬರನ್ನು ಚಾಕುವಿನಿಂದ ಕೆರೆದು ನೋಡಿದ. ನೀರಿಗಿಳಿಸಿ, ಮೂಟೆ ತುಂಬಿ, ಬದಿಯಲ್ಲಿ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅಳಿಸಿ ಇನ್ನೊಮ್ಮೆ ಎಳೆದ. ಆಮೇಲೆ ಮೂಟೆ ಇಳಿಸಿ, "ಇನ್ನು ಹೋಗಬಹುದು ಸಾರ್," ಎಂದ. ತಾನು ಮಾತ್ರ ಮತ್ತೆ ದೋಣಿಗೆ ಕಾಲಿಡಲಿಲ್ಲ.

ಆಚೆ ದಡದವರ ಹೇಳಿಕೆ ಪಡೆಯದೆ ತನಿಖೆ ಮುಂದುವರಿಯುವಂತಿರಲಿಲ್ಲ. ಜಯರಾಮಪ್ಪ, ಮುನಿಶಾಮಪ್ಪ ಹತ್ತಿದರು. ಪಕ್ಕದೂರಿನ ಅಂಬಿಗನೊಬ್ಬ ಹುಟ್ಟು ಹಾಕಿದ. ದಡ ಹಿಂದೆ ಸರಿಯಿತು. ಜಯರಾಮಪ್ಪನವರ ಕಣ್ಣು ಕಾಲಬುಡದ ಹಲಗೆ ಬಿಟ್ಟು ಏಳಲಿಲ್ಲ. ಹಲಗೆಯ ಸಂದಿನಲ್ಲಿ ನೀರಿನ ಒಂದು ಹನಿ ಮಿನುಗಿದರೂ ಬೆರಳಿಟ್ಟು ಒರೆಸಿ ನೋಡುತ್ತಿದ್ದರು.

ಆಚೆ ದಡದಲ್ಲಿ ದೋಣಿಯ ಮೂತಿ ಹಿಡಿದು ಎಳೆದವನು ಬಿಳಿ ಪೇಟದವನೇ. ಮೂವತ್ತರ ಆಸುಪಾಸು. ಒಗೆದ ಪಂಚೆ, ನಗುಮುಖ.

"ಬನ್ನಿ ಸ್ವಾಮಿ, ನಿಧಾನಕ್ಕೆ ಇಳೀರಿ. ಜನಾನ ಯಾವತ್ತಿಂದ ಬಿಡ್ತೀರಾ?"

"ನಿನ್ನ ಹೆಸರೇನಪ್ಪ?"

"ವೆಂಕಟರವಣಪ್ಪ. ಇದೇ ಊರು. ಹೆಂಡ್ತಿ ಆ ಕಡೆ ಅವ್ಳೆ, ತವರು ಮನೇಲಿ. ಮಳೆಗೆ ಸಿಕ್ಕಾಕ್ಕೊಂಡ್ಬಿಟ್ಳು. ಕರ್ಕೊಂಡ್ಬರಬೇಕು."

ಊರಿನ ಪಟೇಲರು, ಅಂಗಡಿಯವನು, ಇನ್ನೂ ನಾಲ್ಕು ಜನರ ಹೇಳಿಕೆ ಆಯಿತು. ಮಳೆ ಶುರುವಾದಾಗಿನಿಂದ ಆ ದಡದಿಂದ ಕೋಡಿಪಲ್ಲಿ ಕಡೆಗೆ ಒಂದು ನರಪಿಳ್ಳೆಯೂ ದಾಟಿರಲಿಲ್ಲ. ಅಂದರೆ ತೂತು ಕೊರೆದವರು ಕೋಡಿಪಲ್ಲಿಯಲ್ಲೇ ಇದ್ದರು. ವಾಪಸ್ ಹೊರಟಾಗ ವೆಂಕಟರವಣಪ್ಪ ಗಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದು ನಿಂತಿದ್ದ. ಗಂಟಿನ ಬಾಯಲ್ಲಿ ಹೊಸ ಸೀರೆಯ ಅಂಚು ಕಾಣುತ್ತಿತ್ತು. ಹೆಂಡತಿಯನ್ನು ಕಾಣಲು ಹೊರಟವನನ್ನು ಬೇಡವೆನ್ನಲು ಜಯರಾಮಪ್ಪನವರಿಗೆ ಕಾರಣ ತೋರಲಿಲ್ಲ.

"ಹತ್ತು."

ದೋಣಿ ನಡುನೀರಿಗೆ ಬಂತು. ವೆಂಕಟರವಣಪ್ಪ ಬೆರಳುಗಳನ್ನು ನೀರಿಗೆ ಇಳಿಬಿಟ್ಟಿದ್ದ.

"ಇಲ್ಲೇ ಅಲ್ವಾ ಸ್ವಾಮಿ, ಕೊಂಡಪ್ಪ ಹೋಗಿದ್ದು?"

"ಹೂಂ."

"ಒಳ್ಳೇದಾಯ್ತು ಬಿಡಿ." ಅವನು ನಕ್ಕ. "ಕಂಡೋರ ಹೆಂಡ್ರನ್ನ ಹರಿಗೋಲಲ್ಲಿ ಕೂರಿಸ್ಕೊಂಡು ದಾಟಿಸ್ತಿದ್ದ. ನನ್ನೋಳ್ನೂ ಅವನೇ ದಾಟಿಸಿದ್ದು. ನಾನು ದಡಕ್ಕೆ ಬರೋ ಹೊತ್ತಿಗೆ ನಡುನೀರಲ್ಲಿದ್ರು."

ಜಯರಾಮಪ್ಪ ಮೊದಲ ಬಾರಿಗೆ ಹಲಗೆಯಿಂದ ಕಣ್ಣೆತ್ತಿದರು. "ಮಳೆಗೆ ಸಿಕ್ಕಾಕ್ಕೊಂಡ್ಳು ಅಂದ್ಯಲ್ಲ?"

"ಅದೂ ಆಯ್ತು. ಹಿಂದೇನೇ ಮಳೆ ಬಂತು, ದಾರಿ ಹೋಯ್ತು. ಆವತ್ತಿಂದ ದಿನಾ ಮರದ ಕೆಳಗೆ ನಿಂತ್ಕೋತಿದ್ದೆ. ಅವರಮ್ಮ ನೀರಿಗೆ ಬಂದಾಗ ನೋಡ್ಲಿ ಅಂತ. ದೋಣಿ ಬಂದ ದಿನ ಟವಲ್ ಬೀಸಿದೆ. ನಾನು ಬರ್ತಾಯಿದೀನಿ ಅಂತ ಗೊತ್ತಾಗಬೇಕಲ್ಲ?"

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಕ್ಕೆ ಹೋಗಿಬರುತ್ತೇನೆ ಎಂದಷ್ಟು ಸಲೀಸಾಗಿ ಹೇಳಿದ. ಜಯರಾಮಪ್ಪನವರಿಗೆ ಕೆರೆಯ ಭಯ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಒಂದು ಮಾರು ದೂರದಲ್ಲಿ ಕೂತಿದ್ದ ಈ ಮನುಷ್ಯನ ಭಯ ಅದರ ಜಾಗದಲ್ಲಿ ಬಂದು ಕೂತಿತ್ತು. ದೋಣಿಗೆ ತೂತು ಹಾಕಿದ್ದು ಯಾರನ್ನೂ ಮುಳುಗಿಸಲಿಕ್ಕಲ್ಲ. ಇವನು ಬರಬಾರದೆಂದು. ಮತ್ತು ಇವನನ್ನು ಈಗ ಕರೆದುಕೊಂಡು ಹೋಗುತ್ತಿರುವುದು ತಾವೇ.

"ನಿಮ್ಮ ಅತ್ತೆ ಹೆಸರೇನು?"

"ಗಂಗುಲಮ್ಮ ಅಂತ."

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಬಿಳಿ ಪೇಟವನ್ನು ಕಂಡವಳೇ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಊರೊಳಗೆ ಓಡಿದಳು. ದೋಣಿ ನೆಲ ಮುಟ್ಟಿತು. ಜಯರಾಮಪ್ಪ ಮೊದಲು ಇಳಿದು, ವೆಂಕಟರವಣಪ್ಪನ ರಟ್ಟೆ ಹಿಡಿದರು.

"ಮುನಿಶಾಮಪ್ಪ, ಗಂಟು ಬಿಚ್ಚು."

ಹೊಸ ಸೀರೆಯ ಮಡಿಕೆಯೊಳಗೆ ಮಚ್ಚು ಇತ್ತು. ಅಂಚು ಹೊಸದಾಗಿ ಸಾಣೆ ಹಿಡಿದು ಬೆಳ್ಳಗೆ ಹೊಳೆಯುತ್ತಿತ್ತು. ವೆಂಕಟರವಣಪ್ಪನ ನಗು ಆಗಲೂ ಮಾಸಲಿಲ್ಲ. "ಸೌದೆಗೆ ಸ್ವಾಮಿ," ಎಂದ. ಅವನನ್ನು ಅಲ್ಲೇ ಕಾನ್‌ಸ್ಟೇಬಲ್‌ಗಳ ವಶಕ್ಕೆ ಕೊಟ್ಟು ಜೀಪಿಗೆ ಹತ್ತಿಸಿದರು.

ಗಂಗುಲಮ್ಮನ ಮನೆ ಊರಿನ ತುದಿಯಲ್ಲಿತ್ತು. ಕದ ಒಳಗಿನಿಂದ ಹಾಕಿತ್ತು. ಮುನಿಶಾಮಪ್ಪ ಬಡಿದ. ಒಳಗೆ ಒರಳುಕಲ್ಲನ್ನು ಕದಕ್ಕೆ ಅಡ್ಡ ಉರುಳಿಸುತ್ತಿರುವ ಸದ್ದು ಮಾತ್ರ ಕೇಳಿಸಿತು.

"ಗಂಗುಲಮ್ಮ, ಪೊಲೀಸ್ನೋರು. ಬಾಗ್ಲು ತೆಗಿಯಮ್ಮ."

"ಅವನು ಜೊತೇಲವ್ನಾ?" ಒಳಗಿನಿಂದ ಒಡೆದ ದನಿ.

"ಇಲ್ಲ. ಅವನನ್ನ ಹಿಡ್ಕೊಂಡಿದೀವಿ. ಮಚ್ಚೂ ಸಿಕ್ತು. ಇಲ್ಲಿಗೆ ಬರಲ್ಲ."

ಆಮೇಲೆ ಕಲ್ಲು ಸರಿಯಿತು. ಕದ ತೆರೆದವಳು ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಕುಡುಗೋಲಿತ್ತು. ಜಯರಾಮಪ್ಪ ಕೈ ಚಾಚಿದಾಗ ಹೇಳಿದ ಮಾತು ಕೇಳುವ ಕೂಸಿನ ಹಾಗೆ ಕೊಟ್ಟುಬಿಟ್ಟಳು. ಅವಳ ಉಗುರುಗಳ ಸಂದಿಯಲ್ಲಿ ಡಾಂಬರು ಕಪ್ಪಗೆ ಉಳಿದಿತ್ತು. ಹಿಂದೆ ಕಣಜದ ಮರೆಯಲ್ಲಿ ಮಗಳು ಅಕ್ಕಯಮ್ಮ ಮುದುರಿ ಕೂತಿದ್ದಳು. ಕತ್ತಿನಿಂದ ಭುಜದವರೆಗೆ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು.

"ದೋಣಿಗೆ ತೂತು ಹಾಕಿದ್ದು ನೀನೇನಾ?"

"ನಾನೇ ಸ್ವಾಮಿ. ಭಾನುವಾರ ರಾತ್ರಿ ಬಯ್ಯಪ್ಪನ ಬೈರಿಗೆ ತಗೊಂಡೋಗಿ ಕೊರೆದೆ." ಅವಳು ನೆಲದ ಮೇಲೆ ಕೂತಳು. "ಸುಮ್ನೆ ತೂತು ಹಾಕಿದ್ರೆ ಕಂಡು ಮುಚ್ಚಿಬಿಡ್ತಾರೆ ಅಂತ ಮೇಣ ತುಂಬಿದೆ. ನೀರಿಗೆ ಇಳಿಸ್ತಿದ್ದಂಗೆ ದಡದಲ್ಲೇ ತುಂಬ್ಕೊಳ್ಳತ್ತೆ, ಇದು ಕೆಟ್ಟ ದೋಣಿ ಅಂತ ಸಾಹೇಬ್ರು ವಾಪಸ್ ಕಳಿಸ್ತಾರೆ ಅಂದ್ಕೊಂಡೆ. ನಡುನೀರಿಗಂಟ ಹೋಗತ್ತೆ ಅಂತ ನಂಗೆ ಗೊತ್ತಿರಲಿಲ್ಲ."

"ನಮ್ಮ ಹತ್ರ ಯಾಕೆ ಬರಲಿಲ್ಲ?"

"ಬಂದಿದ್ನಲ್ಲ ಸ್ವಾಮಿ, ಹೋದ ವರ್ಷ. ಮೊದಲನೇ ಸಲ ಸುಟ್ಟಾಗ. ಗಂಡ ಹೆಂಡ್ತಿ ಜಗಳ, ಬುದ್ಧಿ ಹೇಳಿ ಕಳಿಸಮ್ಮ ಅಂದ್ರು."

ಆಗ ಜಯರಾಮಪ್ಪ ಬೇರೆ ಠಾಣೆಯಲ್ಲಿದ್ದರು. ಹಾಗೆಂದು ಹೇಳದೆ ಕುಡುಗೋಲನ್ನು ಮುನಿಶಾಮಪ್ಪನ ಕೈಗೆ ಕೊಟ್ಟರು.

"ಕೊಂಡಪ್ಪ ನನ್ನ ಮಗೂನ ಬದುಕಿಸಿ ತಂದುಕೊಟ್ಟ," ಎಂದಳು ಗಂಗುಲಮ್ಮ. "ನಾನು ಅವನನ್ನ ತಿಂದುಬಿಟ್ಟೆ."

ಮೇಣದ ಉಳಿದ ಉಂಡೆಯನ್ನು, ಡಾಂಬರಿನ ಕುಡಿಕೆಯನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡರು. ಸಂಜೆ ನಾಲ್ಕಕ್ಕೆ ದಸ್ತಗಿರಿ ಆಯಿತು. ಅವಳಿಗೆ ಕೋಳ ತೊಡಿಸಬೇಡವೆಂದು ಜಯರಾಮಪ್ಪ ತಲೆಯಾಡಿಸಿದರು.

ಅಕ್ಕಯಮ್ಮ ತಾಯಿಯ ಸೆರಗು ಬಿಡಲಿಲ್ಲ. "ಅಮ್ಮನ್ನ ಕರ್ಕೊಂಡೋದ್ರೆ ನಾನೊಬ್ಳೇ ಹೆಂಗಿರ್ಲಿ ಸ್ವಾಮಿ? ಅವನು ಬಿಡುಗಡೆ ಆಗಿ ಬಂದ್ರೆ?"

ಮಚ್ಚಿಟ್ಟುಕೊಂಡು ಬಂದವನ ಮೇಲೆ ಬೇರೆ ಕೇಸು ಹಾಕಬಹುದು. ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳು. ಆಮೇಲೆ ಅವನು ಹೊರಗೆ ಬರುತ್ತಾನೆ, ದೋಣಿಯೂ ಇರುತ್ತದೆ.

ಬಾಗಿಲಲ್ಲಿ ಸೇರಿದ್ದ ಜನ ಪಕ್ಕಕ್ಕೆ ಸರಿದರು. ಕದಿರಮ್ಮ ಬಂದಳು. ಅವಳಿಗೆ ವಿಷಯ ಆಗಲೇ ತಿಳಿದಿತ್ತು. ಗಂಗುಲಮ್ಮ ಅವಳ ಕಾಲಿಗೆ ಬೀಳಲು ಬಾಗಿದಳು. ಕದಿರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಮುಖ ನಾನು ನೋಡಲ್ಲ," ಎಂದಳು. "ಸಾಯೋಗಂಟ ನೋಡಲ್ಲ."

ಆಮೇಲೆ ಅವಳನ್ನು ದಾಟಿ, ತಾಯಿಯ ಹಿಂದೆ ಸೆರಗು ಹಿಡಿದು ಕೂತಿದ್ದ ಅಕ್ಕಯಮ್ಮನ ಕೈ ಹಿಡಿದು ಎಬ್ಬಿಸಿದಳು.

"ಏಳಮ್ಮ. ನಮ್ಮನೆಗೆ ಹೋಗಣ. ಆವತ್ತು ಹರಿಗೋಲಲ್ಲಿ ದಾಟಿಸೋವಾಗ ನಮ್ಮ ಯಪ್ಪ ನಿಂಗೆ ಏನಂದಿದ್ದ?"

ಅಕ್ಕಯಮ್ಮ ಸೆರಗು ಬಿಟ್ಟಳು. "ಹಿಂದಕ್ಕೆ ನೋಡಬೇಡ ಮಗ ಅಂದ. ನಾನಿದೀನಿ ಅಂದ."

"ಹಂಗಾದ್ರೆ ನಡಿ," ಎಂದಳು ಕದಿರಮ್ಮ.